ವಿಮಾನ ಕಂಪನಿಯವರು ಕಬಡ್ಡಿ ಆಡ್ಸಿದ್ರೆ...

ಇದನ್ನ ಬರೀಬೇಕು ಅಂದ್ಕೊಂಡು ಎಷ್ಟೋ ದಿನ ಆಯ್ತು. ಬರೆಯೋಕೆ ಕೂತಾಗಲೆಲ್ಲ ಒಬ್ಬನೇ ನಗ್ತಾ ಕೂತುಬಿಡ್ತಿದ್ದೆ, ಹೆಂಡತಿ ಬಂದು ಹಣೆ ಮುಟ್ಟಿ ನೋಡಿ ಹೋಗ್ತಿದ್ದಳು. ಇವತ್ತು ಭಾನುವಾರ. ಅವಳು ತವರಿಗೆ ಹೋಗಿದ್ದಾಳೆ. ಬರೆದೇ ಬಿಡೋಣ :)

ಕಥೆ ಶುರುವಾಗೋದು ನಮ್ಮ ಸೋದರಮಾವನಿಂದ. ಮಾವ ಚನ್ನಪಟ್ಟಣ ತಾಲೂಕಿನವರು, ಕಣ್ವ ಜಲಾಶಯದ ಕಡೆಯ ಒಂದು ಹಳ್ಳಿ. ಎರಡೆಕರೆ ಹಿಪ್ಪುನೇರಳೆ, ಮನೆ ತುಂಬ ರೇಷ್ಮೆ ಹುಳ. ವಯಸ್ಸಿನಲ್ಲಿ ಒಳ್ಳೇ ಕಬಡ್ಡಿ ರೈಡರ್ ಆಗಿದ್ರು. ಕನಕಪುರದಲ್ಲಿ ಒಂದೇ ಉಸಿರಿಗೆ ಎದುರು ತಂಡದವರನ್ನ ಸಾಲಾಗಿ ಮುಟ್ಟಿ ಬಂದ ಕಥೆಯನ್ನ ನಾನು ಚಿಕ್ಕಂದಿನಿಂದ ಕೇಳ್ತಾ ಬಂದಿದ್ದೀನಿ. ನಾನು ಮೂರನೇ ಕ್ಲಾಸಲ್ಲಿದ್ದಾಗ ಔಟಾದವರು ಮೂರು ಜನ ಇದ್ರು, ನಾನು ಪಿಯುಸಿಗೆ ಬರೋ ಹೊತ್ತಿಗೆ ಐದಾಗಿದ್ರು. ಮಂಡಿ ಕೈಕೊಟ್ಟ ಮೇಲೆ ಆಟ ಬಿಟ್ಟು ವಿಷಲ್ ಹಿಡಿದ್ರು. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ, ಈ ನಾಲ್ಕು ತಾಲೂಕಲ್ಲಿ ಎಲ್ಲೇ ಹೊನಲು ಬೆಳಕಿನ ಕಬಡ್ಡಿ ನಡೆದ್ರೂ ರೆಫರಿ ಅಂದ್ರೆ ಮಾವನೇ ಬೇಕು. ಬೈಯೋದಕ್ಕಾದ್ರೂ ಅವರೇ ಬೇಕು.

ಅವರ ಮಗಳು ಇರೋದು ಪುಣೆಯಲ್ಲಿ. ಮೊಮ್ಮಗಳು ಆಗ ಏಳನೇ ಕ್ಲಾಸು. ತಾತನ ರಕ್ತ ನೋಡಿ, ಸ್ಕೂಲಲ್ಲಿ ಕಬಡ್ಡಿ ಸೇರ್ಕೊಂಡಿದ್ದಳು. ಎರಡು ವರ್ಷದ ಹಿಂದೆ ಅವಳ ತಂಡ ಫೈನಲ್‌ಗೆ ಬಂತು. ಶನಿವಾರ ಬೆಳಿಗ್ಗೆ 11 ಗಂಟೆಗೆ ಮ್ಯಾಚು. "ತಾತ, ಬರ್ಲೇಬೇಕು" ಅಂತ ಫೋನು. ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿದ್ರೆ ಹೋಗೋಕೊಂದು ದಿನ, ಬರೋಕೊಂದು ದಿನ. ಮನೆಯಲ್ಲಿ ಹುಳ ಹಣ್ಣಾಗೋ ಸಮಯ, ಚಂದ್ರಿಕೆಗೆ ಬಿಡ್ಬೇಕು. ಈ ಕೆಲಸ ಗೊತ್ತಿದ್ದವರಿಗೆ ಹೇಳೋದೇ ಬೇಡ, ಆ ವಾರದಲ್ಲಿ ಒಂದು ದಿನ ಮನೆ ಬಿಡೋದೇ ಹೆಚ್ಚು. ಹಾಗಾಗಿ ವಿಮಾನ. ಮಾವನ ಜೀವನದಲ್ಲಿ ಮೊದಲನೇದು. ಜೊತೆಗೆ ನಾನು.

ಟಿಕೆಟ್ ನೋಡಿದಾಗ 3,400 ರೂಪಾಯಿ ಇತ್ತು. ಅತ್ತೆ ಕೊಟ್ಟ ಟೀ ಕುಡಿದು ಮತ್ತೆ ನೋಡಿದ್ರೆ 4,150! ಮಾವ ಕೇಳಿದ್ರು, "ಇದ್ಯಾವ ಹರಾಜ್ಲಾ? ನಮ್ಮ ರಾಮನಗರದ ಗೂಡಿನ ಮಾರ್ಕೆಟ್ಟಲ್ಲೂ ರೇಟು ಏಳ್ತದೆ, ಬೀಳ್ತದೆ. ಆದ್ರೆ ಅಲ್ಲಿ ನಮ್ಮ ಲಾಟಿಗೆ ಎಷ್ಟು ಕೂಗಿದ್ರು ಅಂತ ನಮ್ಗೂ ಕಾಣ್ತದೆ. ಇಲ್ಲಿ ನಾವು ಟೀ ಕುಡ್ದಿದ್ದು ಅವ್ರಿಗೆಂಗೆ ಗೊತ್ತಾಯ್ತು?" ನನ್ನ ಹತ್ರ ಉತ್ತರ ಇರಲಿಲ್ಲ.

ವಿಮಾನ 6.40ಕ್ಕೆ. ಚನ್ನಪಟ್ಟಣದಿಂದ ದೇವನಹಳ್ಳಿ ಹತ್ತಿರತ್ತಿರ ನೂರು ಕಿಲೋಮೀಟರ್, ಅದಕ್ಕೆ ರಾತ್ರಿ ಒಂದೂವರೆಗೇ ಮನೆ ಬಿಟ್ವಿ. ಅಲ್ಲಿ 108 ಅಡಿಯ ಕೆಂಪೇಗೌಡರ ಪ್ರತಿಮೆ ನೋಡಿ ಮಾವ ಕಾರಿನೊಳಗಿಂದಲೇ ಕೈ ಮುಗಿದ್ರು. "ನಮ್ಮ ಮಾಗಡಿಯವರು ಕಣ್ಲಾ! ಸಮಾಧಿ ಕೆಂಪಾಪುರದಲ್ಲೈತೆ. ನಮ್ಮೋರದ್ದೇ ನಿಲ್ದಾಣ, ಏನೂ ತೊಂದ್ರೆ ಆಗಾಕಿಲ್ಲ ಬಾ" ಅಂದ್ರು.

ಪಾಪ.

ಮೊದಲು ಬ್ಯಾಗಲ್ಲಿದ್ದ ಕೊಬ್ಬರಿ ಗಿಟುಕು ಹೊರಗೆ ಬಂತು. ಒಣಕೊಬ್ಬರಿಯಲ್ಲಿ ಎಣ್ಣೆ ಇರೋದ್ರಿಂದ ಅದು ಬೆಂಕಿ ಹತ್ತೋ ವಸ್ತು ಅಂತ ಲೆಕ್ಕ. ಆಮೇಲೆ ಸೀಟು. ದುಡ್ಡು ಕೊಟ್ಟು ಆರಿಸಿಕೊಳ್ಳದ ತಪ್ಪಿಗೆ ಇಬ್ಬರಿಗೂ ಮಧ್ಯದ ಸೀಟು, ಅದೂ ಬೇರೆ ಬೇರೆ ಸಾಲಲ್ಲಿ. ಮಾವನ ಮಂಡಿ ಮಡಚೋಕೆ ಬರಲ್ಲ. ಅದಾದ ಮೇಲೆ ಬೋರ್ಡಲ್ಲಿ 6.40 ಹೋಗಿ 7.30 ಆಯ್ತು. 8.50 ಆಯ್ತು. 10.15 ಆಯ್ತು. ಗೇಟ್ ನಂಬರು ಮೂರು ಸಲ ಬದಲಾಯ್ತು. ಪ್ರತಿ ಸಲ ಮಾವ ಕುಂಟ್ಕೊಂಡು ನಿಲ್ದಾಣದ ಈ ತುದಿಯಿಂದ ಆ ತುದಿಗೆ ನಡೆದ್ರು.

ಕೊನೆಗೆ ಕೌಂಟರಲ್ಲಿದ್ದ ಹುಡುಗಿ ಹತ್ರ ಹೋಗಿ ಮೆತ್ತಗೆ ಕೇಳಿದ್ರು, "ಅವ್ವಾ, ಇಲ್ಲಿ ರೆಫರಿ ಯಾರವ್ವ?"

ಆ ಹುಡುಗಿಗೆ ಅರ್ಥ ಆಗ್ಲಿಲ್ಲ. "ಸರ್, ಆಪರೇಷನಲ್ ರೀಸನ್ ಸರ್" ಅಂದಳು.

ಮಾವ ವಾಪಸ್ ಬಂದು ನನ್ನ ಪಕ್ಕ ಕೂತ್ರು. "ಯಾರೋ ಆಪರೇಸನ್ ರೀಜನ್ನು ಅಂತೆ ಕಣ್ಲಾ. ಅವ್ರು ಎಲ್ಲವ್ರೆ ವಿಚಾರ್ಸು, ಒಂದ್ಸಲ ಮಾತಾಡಾಣ."

ಹೊರಟಾಗ ಹನ್ನೆರಡೂವರೆ. ಪುಣೆ ಮುಟ್ಟಿ ಮನೆ ಸೇರೋ ಹೊತ್ತಿಗೆ ಸಂಜೆ ನಾಲ್ಕು. ಮೊಮ್ಮಗಳು ಅದೇ ಜೆರ್ಸಿಯಲ್ಲಿ, ಮಂಡಿ ಮೇಲೆ ಬ್ಯಾಂಡೇಜ್ ಹಾಕ್ಕೊಂಡು ಸೋಫಾ ಮೇಲೆ ಕೂತಿದ್ದಳು. ಎರಡು ಪಾಯಿಂಟಲ್ಲಿ ಸೋತಿದ್ರು. "ಯಾಕೆ ತಾತ ಬರ್ಲಿಲ್ಲ? ಪ್ರತಿ ರೈಡಿಗೂ ಗೇಟ್ ಕಡೆ ನೋಡ್ತಿದ್ದೆ" ಅಂದಳು.

ಮಾವ ಹೇಳಿದ್ರು, "ನನ್ನ ಔಟ್ ಮಾಡ್ಬುಟ್ರು ಮಗಾ. ಯಾರು ಅಂತ ಕೊನೆಗೂ ತಿಳೀಲಿಲ್ಲ."

ಅವತ್ತು ಯಾರೂ ನಗಲಿಲ್ಲ.

ನಕ್ಕಿದ್ದು ಆಮೇಲೆ, ಆರು ತಿಂಗಳು ಕಳೆದು, ರಾಮನಗರದ ಹತ್ರ ಒಂದು ಊರ ಹಬ್ಬದ ಕಬಡ್ಡಿಯಲ್ಲಿ. ರಾತ್ರಿ ಹನ್ನೊಂದಾಗಿತ್ತು. ಸೆಮಿಫೈನಲ್ ನಡೀವಾಗ ಅಂಕಣದ ಒಂದು ಕಡೆ ಲೈಟು ಹೋಯ್ತು. ಎಲೆಕ್ಟ್ರಿಷಿಯನ್ ಕಂಬ ಹತ್ತಿದ. ಮೈಕಾಸುರ ಮಾತ್ರ ಬ್ಯಾಟರಿ ಮೇಲೆ ಬದುಕಿದ್ದ. ಮಾವ ಮೈಕ್ ಇಸ್ಕೊಂಡು ಗಂಟಲು ಸರಿ ಮಾಡ್ಕೊಂಡು ಶುರು ಮಾಡಿದ್ರು: "ಮಾನ್ಯ ಪ್ರಯಾಣಿಕರೇ, ಆಪರೇಸನ್ ರೀಜನ್ನು ಅವ್ರು ಇನ್ನೂ ಬಂದಿಲ್ಲ. ಆದ್ದರಿಂದ ಪಂದ್ಯ ತಡ ಆಯ್ತದೆ. ನಿಮ್ಮ ತಾಳ್ಮೆಗೆ ಧನ್ಯವಾದ."

ಜನ ಹೋ ಅಂತ ಕೂಗಿದ್ರು. ಅಲ್ಲಿ ದುಬೈಗೆ ಹೋಗಿ ಬಂದವರಿದ್ರು, ಡೆಲ್ಲಿಗೆ ಹೋಗಿ ಲಗೇಜ್ ಕಳ್ಕೊಂಡವರಿದ್ರು. ಒಬ್ಬೊಬ್ಬರು ಒಂದೊಂದು ಸೇರಿಸ್ತಾ ಹೋದ್ರು. ವಿಮಾನ ಕಂಪನಿಯವರು ನಮ್ಮ ನಾಲ್ಕು ತಾಲೂಕಿನ ಕಬಡ್ಡಿ ನಡೆಸಿದ್ರೆ ಹೇಗಿರುತ್ತೆ? ಅವತ್ತು ಹುಟ್ಟಿದ ನಿಯಮಾವಳಿಗೆ ನನ್ನದೂ ಸ್ವಲ್ಪ ಮಸಾಲೆ ಹಾಕಿ ಇಲ್ಲಿ ಕೊಡ್ತಿದ್ದೀನಿ.

1. ಪ್ರವೇಶ ಶುಲ್ಕ: ತಂಡಕ್ಕೆ ಬರೀ 1 ರೂಪಾಯಿ! ಮೇಲೆ ಅಂಕಣ ಅಭಿವೃದ್ಧಿ ಶುಲ್ಕ, ಮಣ್ಣು ಬಳಕೆ ಶುಲ್ಕ, ಸುಣ್ಣದ ಗೆರೆ ಶುಲ್ಕ, ಇಷ್ಟೆಲ್ಲ ಶುಲ್ಕವನ್ನ ಸುಲಭವಾಗಿ ಕಟ್ಟೋಕೆ ಅವಕಾಶ ಕೊಟ್ಟಿದ್ದಕ್ಕೆ ಅನುಕೂಲ ಶುಲ್ಕ. ಒಟ್ಟು 2,847 ರೂಪಾಯಿ. ಬೆಳಿಗ್ಗೆ ಕೇಳಿದ್ರೆ ಇಷ್ಟು, ಟೀ ಕುಡಿದು ಬಂದ್ರೆ 3,600.

2. ಆಟಗಾರರ ಜಾಗ: ಕಬಡ್ಡಿಯಲ್ಲಿ ಏಳು ಜನ ಸಾಲಾಗಿ ನಿಲ್ತಾರೆ, ಎರಡು ತುದಿಗೆ ಕಾರ್ನರ್‌ಗಳು. ಕಾರ್ನರ್ ಬೇಕಾದ್ರೆ 450 ರೂಪಾಯಿ. ಕವರ್‌ಗೆ 300. ಮಧ್ಯದಲ್ಲಿ ನಿಲ್ಲೋದು ಉಚಿತ. ದುಡ್ಡು ಕೊಡದ ತಂಡದ ಏಳೂ ಜನ ಮಧ್ಯದಲ್ಲೇ ಒಬ್ಬರ ಮೇಲೊಬ್ಬರು ನಿಲ್ಲತಕ್ಕದ್ದು. ಬೋನಸ್ ಗೆರೆವರೆಗೆ ಕಾಲು ಚಾಚಬೇಕು ಅಂದ್ರೆ ಅದು ಹೆಚ್ಚುವರಿ ಲೆಗ್‌ರೂಮ್, ಅದಕ್ಕೆ ಬೇರೆ ರೇಟು.

3. ಲಾಬಿ: ಅಂಕಣದ ಎರಡೂ ಪಕ್ಕದಲ್ಲಿರೋ ಪಟ್ಟಿಗೆ ಕಬಡ್ಡಿಯಲ್ಲಿ ಲಾಬಿ ಅಂತಾರೆ. ಎದುರಾಳಿಯನ್ನ ಮುಟ್ಟಿದ ಮೇಲೆ ಅದನ್ನ ಬಳಸಬಹುದು ಅನ್ನೋದು ಹಳೇ ನಿಯಮ. ಇನ್ನು ಮೇಲೆ ಆಯ್ದ ಕ್ರೆಡಿಟ್ ಕಾರ್ಡ್ ಇದ್ದವರಿಗೆ ಮಾತ್ರ ಲಾಬಿ. ಒಳಗೆ ಎರಡು ಇಡ್ಲಿ, ಒಂದು ವಡೆ ಉಚಿತ.

4. ತೂಕ: ನಮ್ಮಲ್ಲಿ 55 ಕೆಜಿ, 60 ಕೆಜಿ ಅಂತ ವಿಭಾಗ ಮಾಡಿ ಆಟಗಾರರನ್ನ ತೂಗೋದು ಇದೆ. ಬಲವಾದವನು ಸಣ್ಣವನ ಮೇಲೆ ಬೀಳಬಾರದು ಅಂತ. ಕಂಪನಿ ಪದ್ಧತಿಯಲ್ಲಿ ಒಬ್ಬನಿಗೆ 15 ಕೆಜಿ, ಕೈಯಲ್ಲಿ 7 ಕೆಜಿ. ಉಳಿದಿದ್ದಕ್ಕೆ ಕೆಜಿಗಿಷ್ಟು. ಕನಕಪುರ ತಂಡದ ಕ್ಯಾಪ್ಟನ್ನನ್ನ ಕಣ್ಣಾರೆ ಕಂಡವರಿಗೆ ಗೊತ್ತು, ಆತ ಅಂಕಣಕ್ಕೆ ಇಳಿಯೋ ಹೊತ್ತಿಗೆ ಮನೆ ಪತ್ರ ಅಡ ಇಟ್ಟಿರ್ತಾನೆ.

5. ಭದ್ರತೆ: ಪೂಜೆಗೆ ತಂದ ತೆಂಗಿನಕಾಯಿ ಗೇಟಲ್ಲೇ ಬಿಡಬೇಕು. ಚನ್ನಪಟ್ಟಣದ ಬುಗುರಿ ಚೂಪಾದ ಆಯುಧ. ಮರದ ಆಟದ ಬಂದೂಕಂತೂ ಕೇಳ್ಲೇಬೇಡಿ. ಬೆಲ್ಟ್ ಬಿಚ್ಚಿ ಟ್ರೇಯಲ್ಲಿ ಇಡಿ. ಚಡ್ಡಿಗೆ ಲಾಡಿ ಇದ್ದವರು ಪಕ್ಕಕ್ಕೆ ನಿಲ್ಲಿ.

6. ಟಾಸ್: ನಾಣ್ಯ ಕಂಪನಿಯದ್ದು. ನಮ್ಮ ರಾಮನಗರದ ಬಂಡೆಗಳ ನಡುವೆ ತೆಗೆದ ಶೋಲೆಯಲ್ಲಿ (1975) ಅಮಿತಾಭ್ ಬಚ್ಚನ್ ಹತ್ರ ಇತ್ತಲ್ಲ, ಎರಡೂ ಕಡೆ ಒಂದೇ ಮುಖದ್ದು, ಅದೇ.

7. ಮಾರ್ಗ: ಮಾಗಡಿ ತಂಡಕ್ಕೂ ಕನಕಪುರ ತಂಡಕ್ಕೂ ನೇರ ಪಂದ್ಯ ಇಲ್ಲ. ವಯಾ ಹೈದರಾಬಾದ್. ಅಲ್ಲಿ ಆರು ಗಂಟೆ ಕಾಯಬೇಕು. ಆಟಗಾರರು ವಾಪಸ್ ಬರ್ತಾರೆ, ಅವರ ಶೂ ಕೋಲ್ಕತ್ತಕ್ಕೆ ಹೋಗಿರುತ್ತೆ.

8. ಪಾಲುದಾರಿಕೆ: ನೀವು ಟಿಕೆಟ್ ತಗೊಂಡಿದ್ದು ರಾಮನಗರ ತಂಡದ ಆಟ ನೋಡೋಕೆ. ಜೆರ್ಸಿಯೂ ರಾಮನಗರದ್ದೇ. ಒಳಗಿರೋದು ಮಂಡ್ಯದವರು. ಟಿಕೆಟ್ಟಿನ ಹಿಂದೆ ಸಣ್ಣ ಅಕ್ಷರದಲ್ಲಿ ಬರೆದಿತ್ತು, ನೀವು ಓದಲಿಲ್ಲ.

9. ಹೆಚ್ಚುವರಿ ಬುಕಿಂಗ್: ಮಾಗಡಿ ತಂಡದ ಏಳು ಸ್ಥಾನಕ್ಕೆ ಒಂಬತ್ತು ಜನರಿಗೆ ಟಿಕೆಟ್ ಕೊಡಲಾಗಿದೆ. ಇಬ್ಬರು ಬರದೇ ಹೋಗಬಹುದು ಅನ್ನೋದು ಕಂಪ್ಯೂಟರಿನ ನಂಬಿಕೆ. ಒಂಬತ್ತೂ ಜನ ಬಂದ್ರೆ? ಯಾರಾದ್ರೂ ಇಬ್ಬರು ಸ್ವಇಚ್ಛೆಯಿಂದ ಮನೆಗೆ ಹೋಗಿ ಅಂತ ಮೈಕಲ್ಲಿ ಕೇಳಲಾಗುತ್ತೆ. (ಇದೊಂದು ಪೂರ್ತಿ ತಮಾಷೆ ಅಲ್ಲ. ವಿಮಾನದಲ್ಲಿ ಹೀಗೆ ಹತ್ತಿಸದೆ ಬಿಟ್ಟು ಒಂದು ಗಂಟೆಯೊಳಗೆ ಹೊರಡೋ ಬೇರೆ ವಿಮಾನ ಕೊಡದಿದ್ರೆ, ಡಿಜಿಸಿಎ ನಿಯಮದ ಪ್ರಕಾರ ಪರಿಹಾರ ಇದೆ. 24 ಗಂಟೆಯೊಳಗೆ ಕಳಿಸಿದ್ರೆ 10,000 ರೂಪಾಯಿವರೆಗೆ, ಅದಕ್ಕೂ ತಡವಾದ್ರೆ 20,000ದವರೆಗೆ. ನೆನಪಿಟ್ಕೊಳ್ಳಿ, ಕೇಳಿ ಪಡೀರಿ.)

10. ವಿಳಂಬ: ಪಂದ್ಯ ನಡೆಯಬೇಕಾದ ಅಂಕಣ ಇನ್ನೂ ಚೆನ್ನೈಯಿಂದ ಬಂದಿಲ್ಲ. ಬಂದ ಮೇಲೆ ಗುಡಿಸಿ ಕೊಡ್ತೀವಿ.

11. ಗೇಟ್ ಬದಲಾವಣೆ: ಚನ್ನಪಟ್ಟಣದಲ್ಲಿ ನಡೆಯಬೇಕಿದ್ದ ಪಂದ್ಯ ಈಗ ಮಾಗಡಿಯಲ್ಲಿ. ಓಡಿ. ಇದಕ್ಕೆ ಅಲ್ಲಿದ್ದ ಒಬ್ಬ ಮೇಷ್ಟ್ರು ಎದ್ದು ನಿಂತು, "ಇದು ನಮಗೆ ಹೊಸದಲ್ಲ ಬಿಡಿ" ಅಂದ್ರು. "ಮೊದಲು ಬೆಂಗಳೂರು ಜಿಲ್ಲೆ ಅಂದ್ರು. 1986ರಲ್ಲಿ ಬೆಂಗಳೂರು ಗ್ರಾಮಾಂತರ ಅಂದ್ರು. 2007ರಲ್ಲಿ ರಾಮನಗರ ಜಿಲ್ಲೆ. 2025ರಲ್ಲಿ ಬೆಂಗಳೂರು ದಕ್ಷಿಣ. ನಾವು ಕೂತ ಜಾಗ ಬಿಟ್ಟು ಏಳಲೇ ಇಲ್ಲ, ಗೇಟ್ ಮೂರು ಸಲ ಬದಲಾಯ್ತು." ಅವತ್ತಿನ ಅತಿ ದೊಡ್ಡ ಚಪ್ಪಾಳೆ ಅದಕ್ಕೇ.

12. ಲೋನಾ: ಎದುರು ತಂಡದವರೆಲ್ಲ ಔಟಾದ್ರೆ ಎರಡು ಪಾಯಿಂಟ್ ಹೆಚ್ಚಿಗೆ ಸಿಗುತ್ತಲ್ಲ, ಆ ಲೋನಾ ಪಾಯಿಂಟುಗಳನ್ನ ಈ ಪಂದ್ಯದಲ್ಲಿ ಬಳಸುವಂತಿಲ್ಲ. ಕೂಡಿಟ್ಟು 25,000 ಆದ ಮೇಲೆ ಒಂದು ಟ್ರಾಲಿ ಬ್ಯಾಗ್ ಕೊಡ್ತಾರೆ. ಅವಧಿ ಮುಗಿಯೋದು ಮಾರ್ಚ್ 31ಕ್ಕೆ.

13. ಉಸಿರು: ಒಂದು ರೈಡಿಗೆ 30 ಸೆಕೆಂಡ್. ಮೊದಲ 10 ಸೆಕೆಂಡಿನ ಉಸಿರು ಟಿಕೆಟ್ಟಲ್ಲೇ ಸೇರಿದೆ. ಉಳಿದಿದ್ದನ್ನ ಮುಂಗಡವಾಗಿ ಕೊಂಡ್ರೆ ಅಗ್ಗ.

ಇಷ್ಟೊತ್ತಿಗೆ ಲೈಟು ಬಂತು. ಎಲೆಕ್ಟ್ರಿಷಿಯನ್ ಕಂಬದಿಂದ ಇಳಿಯೋಕೇ ಇಷ್ಟ ಇಲ್ಲದವನ ಹಾಗೆ ಅಲ್ಲೇ ಕೂತು ನಗ್ತಿದ್ದ.

ಸರಿ, ಈಗ ನ್ಯಾಯವಾಗಿ ಎರಡು ಮಾತು. ವಿಮಾನದ ಮೇಲೆ ನನಗೇನೂ ದ್ವೇಷ ಇಲ್ಲ. ಗೊರೂರಿನ ಕ್ಯಾಪ್ಟನ್ ಗೋಪಿನಾಥ್ 2003ರಲ್ಲಿ ಬೆಂಗಳೂರಿಂದ ಏರ್ ಡೆಕ್ಕನ್ ಶುರು ಮಾಡಿ 1 ರೂಪಾಯಿಗೂ ಟಿಕೆಟ್ ಮಾರಿದಾಗ ಅದು ನಿಜಕ್ಕೂ ದೊಡ್ಡ ವಿಷಯ ಆಗಿತ್ತು. ಅದರ ಗುರುತಿನ ಚಿತ್ರ ಆರ್.ಕೆ. ಲಕ್ಷ್ಮಣ್ ಅವರ ಶ್ರೀಸಾಮಾನ್ಯ. ಊಟ ಬಿಟ್ಟು, ಗತ್ತು ಬಿಟ್ಟು, ಬರೀ ಸೀಟು ಮಾರೋಣ ಅನ್ನೋ ಆ ಲೆಕ್ಕ ಇಲ್ಲದಿದ್ರೆ ನಮ್ಮ ಮಾವನಂಥ ರೇಷ್ಮೆ ಬೆಳೆಗಾರ ವಿಮಾನದ ಹತ್ರ ಸುಳೀತಾನೇ ಇರಲಿಲ್ಲ. ಆ ಕಂಪನಿ 2008ರಲ್ಲಿ ಕಿಂಗ್‌ಫಿಷರ್ ಜೊತೆ ವಿಲೀನ ಆಯ್ತು, ಕಿಂಗ್‌ಫಿಷರ್ 2012ರಲ್ಲಿ ನೆಲಕ್ಕೆ ಕೂತಿತು. ಆದ್ರೆ ಬಿಡಿಬಿಡಿಯಾಗಿ ಮಾರೋ ಲೆಕ್ಕ ಉಳೀತು. ಸೀಟಿಗೆ ಬೇರೆ, ಬ್ಯಾಗಿಗೆ ಬೇರೆ ದುಡ್ಡು ತಗೊಳ್ಳಿ, ನನ್ನ ತಕರಾರಿಲ್ಲ. ಕಾರಣ ಹೇಳೋದನ್ನೂ ಖರ್ಚಿನ ಬಾಬ್ತು ಅಂತ ಕಿತ್ತುಹಾಕಿದ್ರಲ್ಲ, ತಕರಾರು ಅಲ್ಲಿ.

ನಮ್ಮ ಊರ ಕಬಡ್ಡಿಯೇನೂ ಸ್ವರ್ಗ ಅಲ್ಲ. ಸಂಜೆ ಆರಕ್ಕೆ ಅಂದಿದ್ದು ಹತ್ತಕ್ಕೆ ಶುರುವಾಗುತ್ತೆ. ಅತಿಥಿಗಳ ಭಾಷಣ ಮುಗಿಯೋ ಹೊತ್ತಿಗೆ ಆಟಗಾರರ ಮೈ ತಣ್ಣಗಾಗಿರುತ್ತೆ. ಫೈನಲ್ ನಡೆಯೋದು ಕೋಳಿ ಕೂಗೋ ಹೊತ್ತಿಗೆ. ಜಗಳ ಆಗುತ್ತೆ, ಒಮ್ಮೊಮ್ಮೆ ಕುರ್ಚಿಗಳೂ ಹಾರುತ್ವೆ. ಮಾವನ ತೀರ್ಪುಗಳೆಲ್ಲ ಸರಿ ಅಂತಲೂ ನಾನು ಹೇಳಲ್ಲ. ಒಂದ್ಸಲ ಮಾಗಡಿ ಕಡೆ ತಪ್ಪು ಔಟ್ ಕೊಟ್ಟು, ಬಸ್ ಸ್ಟ್ಯಾಂಡ್ ತನಕ ಜನ ಅವರನ್ನ ಬೈಕೊಂಡೇ ಬಂದಿದ್ರು. ಆದ್ರೆ ಬೈಯೋಕೆ ಅಲ್ಲೊಬ್ಬ ಮನುಷ್ಯ ಇದ್ದ. ವಿಷಲ್ ಊದಿದ ಬಾಯಿ ಕಾಣ್ತಿತ್ತು. ಯಾಕೆ ಅಂತ ಕೇಳಿದ್ರೆ ಗೆರೆ ತೋರಿಸಿ ಹೇಳ್ತಿದ್ರು. ಸೋತವನು ಮನೆಗೆ ಹೋಗುವಾಗ ಯಾಕೆ ಸೋತೆ ಅನ್ನೋದು ಅವನ ಕೈಯಲ್ಲಿರ್ತಿತ್ತು.

2025ರ ಡಿಸೆಂಬರ್ ಮೊದಲ ವಾರ ನೆನಪಿದೆಯಲ್ಲ? ದೇಶದ ಅತಿ ದೊಡ್ಡ ವಿಮಾನ ಕಂಪನಿ ಸಾವಿರಾರು ಹಾರಾಟ ರದ್ದು ಮಾಡಿತು, ನಿಲ್ದಾಣಗಳಲ್ಲಿ ಸೂಟ್‌ಕೇಸುಗಳ ಗುಡ್ಡೆ ಬಿದ್ದಿತ್ತು. ಪೈಲಟ್‌ಗಳಿಗೆ ಹೆಚ್ಚು ವಿಶ್ರಾಂತಿ ಕೊಡಬೇಕು ಅನ್ನೋ ನಿಯಮದ ಎರಡನೇ ಹಂತ ನವೆಂಬರ್ 1ರಿಂದ ಬರುತ್ತೆ ಅಂತ ಮುಂಚೆಯೇ ಗೊತ್ತಿತ್ತು. ನಿಯಮ ಸರಿಯಾದದ್ದೇ. ಕಬಡ್ಡಿಯಲ್ಲೂ 20 ನಿಮಿಷ ಆಡಿದ ಮೇಲೆ 5 ನಿಮಿಷ ಬಿಡುವಿದೆ. ಟಿವಿ ನೋಡ್ತಾ ಮಾವ ಹೇಳಿದ್ದು ಇಷ್ಟೇ: "ಏಳು ಜನ ಆಡಾಕೆ ಹನ್ನೆರಡು ಜನರ ತಂಡ ಕಟ್ತೀವಿ. ಐದು ಜನ ಹೊರಗೆ ಕೂತಿರ್ತಾರೆ. ಅವ್ರು ದಂಡ ಅಂತ ಯಾರೂ ಅನ್ನಾಕಿಲ್ಲ. ಇವ್ರು ಹೊರಗೆ ಕೂರೋರ್ನ ಇಟ್ಕಂಡಿಲ್ಲ ಕಣ್ಲಾ."

ಈಗ ನಮ್ಮ ಕಡೆಗೇ ವಿಮಾನ ನಿಲ್ದಾಣದ ಮಾತು ಬಂದಿದೆ. ಬೆಂಗಳೂರಿನ ಎರಡನೇ ನಿಲ್ದಾಣಕ್ಕೆ ಸರ್ಕಾರ ಗುರುತಿಸಿದ ಮೂರು ಜಾಗಗಳಲ್ಲಿ ಎರಡು ಕನಕಪುರ ರಸ್ತೆಯವು. 2025ರ ಏಪ್ರಿಲ್‌ನಲ್ಲಿ ವಿಮಾನ ನಿಲ್ದಾಣ ಪ್ರಾಧಿಕಾರದವರು ಬಂದು ನೋಡಿಕೊಂಡು ಹೋದ್ರು. ದೇವನಹಳ್ಳಿ ನಿಲ್ದಾಣದ ಒಪ್ಪಂದದಲ್ಲಿ 150 ಕಿಲೋಮೀಟರ್ ಒಳಗೆ 2033ರವರೆಗೆ ಇನ್ನೊಂದು ಬರಬಾರದು ಅಂತಿದೆ, ಹಾಗಾಗಿ ಅವಸರ ಏನಿಲ್ಲ. ಅಷ್ಟರಲ್ಲಿ ಮಾವನ ಬೇಡಿಕೆ ಒಂದೇ. ರನ್‌ವೇ ಎಷ್ಟುದ್ದ ಬೇಕಾದ್ರೂ ಮಾಡ್ಕೊಳ್ಳಿ, ಗೇಟಿಗೊಬ್ಬ ರೆಫರಿ ಇಡಿ. ಕುತ್ತಿಗೇಲಿ ವಿಷಲ್ ಇರ್ಲಿ.

ಅಂದ ಹಾಗೆ, ಕಳೆದ ಬೇಸಿಗೆ ರಜೆಗೆ ಮೊಮ್ಮಗಳು ಊರಿಗೆ ಬಂದಿದ್ದಳು. ಉದ್ಯಾನ್ ಎಕ್ಸ್‌ಪ್ರೆಸ್ಸಲ್ಲಿ :) ಊರ ಹಬ್ಬದ ದಿನ ಹೆಣ್ಣುಮಕ್ಕಳದ್ದೊಂದು ಪ್ರದರ್ಶನ ಪಂದ್ಯ ಇಟ್ಟಿದ್ರು. ರೆಫರಿ ಮಾವ. ಕೊನೇ ನಿಮಿಷ, ಸಮ ಸಮ ಪಾಯಿಂಟು, ರೈಡಿಗೆ ಹೋದವಳು ಇವಳೇ. ಚಂಗ್ ಅಂತ ಹಾರಿ ಒಬ್ಬಳನ್ನ ಮುಟ್ಟಿ ಗೆರೆ ದಾಟಿ ಬಂದಳು. ಊರೆಲ್ಲ ಕೂಗಿತು. ಮಾವ ವಿಷಲ್ ಊದಿ ಕೈ ಎತ್ತಿದ್ರು: ಔಟ್!

ಅವಳು ಸೊಂಟದ ಮೇಲೆ ಕೈ ಇಟ್ಕೊಂಡು ಬಂದು ನಿಂತಳು. "ಯಾಕೆ ತಾತ?"

ಮಾವ ಬಗ್ಗಿ, ಮಂಡಿ ನೋವಲ್ಲೇ ಬಗ್ಗಿ, ಮಣ್ಣಿನ ಮೇಲೆ ಬೆರಳಿಟ್ಟು ತೋರಿಸಿದ್ರು. "ನೋಡು ಮಗಾ. ಮುಟ್ಟಕ್ಕೆ ಮುಂಚೆನೇ ಬಲಗಾಲು ಲಾಬಿಗೆ ಹೋಯ್ತು. ನಿನ್ನದೇ ಹೆಜ್ಜೆ."

ಅವಳು ಆ ಹೆಜ್ಜೆ ಗುರುತನ್ನ ಒಂದು ಕ್ಷಣ ನೋಡಿದಳು. ಆಮೇಲೆ ತಲೆ ಆಡಿಸಿ, ಹೋಗಿ ಹೊರಗೆ ಕೂತಳು.